ಗಲಗಲಿ ಸೇತುವೆಯ ಬಳಿ ಕುದಿದ ಕಾರು

"ತಳಾ ತಾಗಬಾರದು," ಎಂದ ಚಿದಾನಂದ. "ನೀರಿನ ಬಿಸಿ ಅಷ್ಟ ಹತ್ತಬೇಕು, ಹಂಡೇದ ಬಿಸಿ ಹತ್ತಬಾರದು."

ಹಂಡೆಯ ಮೇಲೆ ಬಿದಿರಿನ ಕೋಲೊಂದು ಅಡ್ಡ ಮಲಗಿತ್ತು. ಅದರಿಂದ ಎರಡು ನೂಲಿನ ಎಳೆಗಳು ನೀರಿನೊಳಗೆ ಇಳಿದಿದ್ದವು. ಒಂದರ ತುದಿಯಲ್ಲಿ ಅಂಗಡಿಯಿಂದ ಆಗತಾನೆ ತಂದ ಹೊಸ ಥರ್ಮೋಸ್ಟ್ಯಾಟ್, ಇನ್ನೊಂದರ ತುದಿಯಲ್ಲಿ ಕಾರಿನಿಂದ ಬಿಚ್ಚಿದ ಹಳೆಯದು. ನಂದಾ ಕೋಲನ್ನು ತುಸು ಮೇಲಕ್ಕೆತ್ತಿ ಸರಿಮಾಡಿದಳು. ದಿನಾ ನೂಲಿನ ಲಡಿಗಳನ್ನು ಅದ್ದಿ ತೆಗೆಯುವ ಹಂಡೆ ಅದು. ಇವತ್ತು ಅದರಲ್ಲಿ ಬಣ್ಣವಿರಲಿಲ್ಲ, ಬರೀ ನೀರು. ಅವಳ ಕೈಗೆ ಮಾತ್ರ ಮೊನ್ನೆಯ ಕೆಂಪು ಮೊಣಕೈವರೆಗೆ ಹತ್ತಿಕೊಂಡಿತ್ತು.

"ಸಾಕೇನ್ರಿ ಉರಿ?"

"ಇನ್ನೊಂದೀಟು ಹಾಕವಾ."

ಬನಹಟ್ಟಿಯ ಆ ಬಣ್ಣದ ಮನೆಯ ಬಾಗಿಲ ಬಳಿ ಅವಳ ಗಂಡ ಕಾಶಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಪೇದೆ. ಹಂಡೆಯ ಆಚೆ ಪಿಎಸ್‌ಐ ವೀರೇಶ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದರು. ಅವರು ಬೆಳಿಗ್ಗೆ ಬಂದದ್ದು ಬೀಳಗಿಯ ಲಾಕಪ್ಪಿನಿಂದ ಕಾಶಪ್ಪನನ್ನು ಕರೆತಂದು, ಅವನ ಮನೆ ಜಾಲಾಡಿ, ಮತ್ತೆ ಅಲ್ಲಿಗೇ ಒಯ್ಯುವುದಕ್ಕೆ. ಮತ್ತೆ ಕೈಕೋಳ ಹಾಕುವ ಮುಂಚೆ ಒಂದು ಹಂಡೆ ನೀರು ಕಾಯುವಷ್ಟು ಹೊತ್ತು ಕೊಡಿ ಎಂದು ಚಿದಾನಂದ ಕೇಳಿಕೊಂಡಿದ್ದ. ಪುಣ್ಯಕ್ಕೆ ಅವರು ಕೊಟ್ಟಿದ್ದರು.

ರಬಕವಿಯ ಮುದುಕಿ ಅನಸವ್ವನ ಅಜ್ಜಿ ನೇಯ್ದ ನವಿಲು ದಡಿಯ ಸೀರೆ (ಅಂಥ ದಡಿ ಈಗ ಯಾವ ಮಗ್ಗದಲ್ಲೂ ಇಳಿಯದು) ಮುಧೋಳದ ಗಿರಿಮಲ್ಲಪ್ಪ ಸಾಹುಕಾರರ ಕಾರಿನಲ್ಲಿ ಟ್ರಂಕಿನ ಸಮೇತ ಹೋಗುವಾಗ ಗಲಗಲಿ ಸೇತುವೆಯ ಬಳಿ ಮಾಯವಾಗಿತ್ತು. ಕಾರಿನ ಚಾಲಕ ಕಾಶಪ್ಪ. ಅಷ್ಟು ತಿಳಿದರೆ ಇವತ್ತಿನ ಕಥೆಗೆ ಸಾಕು.

ಕಾಶಪ್ಪ ಹೇಳುವುದು ಒಂದೇ ಮಾತು. ಸಾಹುಕಾರರ ಮುಧೋಳದ ಅಂಗಡಿಯಲ್ಲಿ ಟ್ರಂಕು ಏರಿಸಿಕೊಂಡು ವಿಜಯಪುರಕ್ಕೆ ಹೊರಟೆ, ಗಲಗಲಿ ದಾಟುವಾಗ ಗಾಡಿ ಬಿಸಿಯಾಯಿತು, ಬಾನೆಟ್ಟಿನಿಂದ ಹಬೆ ಎದ್ದಿತು, ಕ್ಯಾನು ಹಿಡಿದು ಹೊಳೆಗೆ ಇಳಿದೆ, ನೀರು ತರುವಷ್ಟರಲ್ಲಿ ಟ್ರಂಕು ಇರಲಿಲ್ಲ. ಪೊಲೀಸರು ಹೇಳುವುದೂ ಒಂದೇ ಮಾತು. ಗಾಡಿಗೆ ಏನೂ ಆಗಿಲ್ಲ. ಅಂದಮೇಲೆ ಬಿಸಿಯಾದದ್ದು ಸುಳ್ಳು, ನಿಲ್ಲಿಸಿದ್ದು ಬೇಕೆಂದೇ, ಟ್ರಂಕು ಇಳಿಸಿಕೊಟ್ಟವನು ಅವನೇ.

"ಸರ್, ನನಗ ಇನ್ನೊಮ್ಮೆ ಬಿಡಿಸಿ ಹೇಳ್ರಿ," ಎಂದರು ವೀರೇಶ.

ಚಿದಾನಂದ ಹೇಳಿದ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತ ಪುಟ್ಟ ಬಾಗಿಲು ಈ ಥರ್ಮೋಸ್ಟ್ಯಾಟ್. ಎಂಜಿನ್ ತಣ್ಣಗಿರುವತನಕ ಮುಚ್ಚಿಕೊಂಡಿರುತ್ತದೆ. ಬಿಸಿ ಏರಿದೊಡನೆ ತಾನಾಗಿ ತೆರೆದು, ಕಾದ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಇದು ತೆರೆಯದೆ ಜಾಮಾಯಿತೋ, ನೀರು ಎಂಜಿನ್ನಿನ ಹೊಟ್ಟೆಯಲ್ಲೇ ಸುತ್ತಿ ಸುತ್ತಿ ಕುದಿಯುತ್ತದೆ.

"ಅಂದ್ರ ಹಳೇದು ಈ ನೀರಾಗ ಬಾಯಿ ತೆರೀಲಿಲ್ಲ ಅಂದ್ರ..."

"ಕಾಶಪ್ಪ ಹೇಳಿದ್ದು ಖರೆ."

"ತೆರೀತಂದ್ರ?"

ಚಿದಾನಂದ ಹಂಡೆಯ ಮೇಲೆ ಬಗ್ಗಿದ. ಬಾಗಿಲ ಬಳಿಯಿಂದ ಕಾಶಪ್ಪ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ತಗ್ಗಿಸಿದ.

ನೀರಿನ ಮೇಲೆ ಸಣ್ಣ ಗುಳ್ಳೆಗಳು ಏಳತೊಡಗಿದವು. ಮೊದಲು ಅಲುಗಿದ್ದು ಹೊಸದು. ಅದರ ನಡುವಿನ ತಾಮ್ರದ ಬಿಲ್ಲೆ ಮೆಲ್ಲಗೆ ಹಿಂದೆ ಸರಿದು, ಉಗುರಿನಷ್ಟು ಬಾಯಿ ತೆರೆಯಿತು. "ಅಯ್ಯ!" ಎಂದ ಪೇದೆ, ತನ್ನ ಕೆಲಸ ಮರೆತು ಹಂಡೆಯ ಬಳಿಗೇ ಬಂದಿದ್ದ. ವೀರೇಶ ಅವನನ್ನು ಗದರಿಸಲಿಲ್ಲ, ಅವರೂ ಬಗ್ಗಿ ನೋಡುತ್ತಿದ್ದರು.

ಹಳೆಯದು ಹಾಗೇ ಇತ್ತು.

ನೀರು ಕೊತಕೊತ ಕುದಿಯಿತು. ಆವಿ ಮುಖಕ್ಕೆ ರಾಚಿತು. ನಂದಾ ಇನ್ನೂ ಎರಡು ಕೊರಡು ಉರಿಗೆ ನೂಕಿದಳು. ಹಳೆಯದರ ಬಿಲ್ಲೆ ಕೂದಲೆಳೆಯಷ್ಟೂ ಜರುಗಲಿಲ್ಲ. ವೀರೇಶ ಕಾದರು, ಮತ್ತೂ ಕಾದರು. ಕೊನೆಗೆ ಎಳೆಯನ್ನು ತಾವೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಾಯಿ ಬಿಗಿದು ಮುಚ್ಚಿತ್ತು.

ಚಿದಾನಂದನ ಎದೆಯ ಮೇಲಿನ ಕಲ್ಲು ಇಳಿಯಿತು.

"ಒಂದ ಸಂಶಯ ಸರ್," ಎಂದರು ವೀರೇಶ. "ಟ್ರಂಕು ಹೋದ ಮರುದಿನ ಮುಂಜಾನೆ ನಮ್ಮ ಹುಡುಗ ಇದ ಗಾಡಿ ಓಡಿಸ್ಕೊಂಡು ಗಲಗಲಿಯಿಂದ ಮುಧೋಳಕ್ಕ ಬಂದಾನ. ಬಿಸಿ ತೋರಿಸೂ ಮುಳ್ಳು ಏರಿಲ್ಲ."

"ಒಮ್ಮೊಮ್ಮೆ ಹಿಡೀತೈತಿ, ಒಮ್ಮೊಮ್ಮೆ ಬಿಡ್ತೈತಿ ಸಾಹೇಬ್ರ. ಹಿಡದು ಬಿಟ್ಟು ಹಿಡದು ಬಿಟ್ಟು ಕಡೀಕ ಪೂರಾ ಹಿಡದ ಬಿಡ್ತೈತಿ. ಮ್ಯಾಲ ಮುಂಜಾನೆ ಥಂಡಿ ಬ್ಯಾರೆ."

ಚಿದಾನಂದ ಪೊಲೀಸು ಇಲಾಖೆಯಲ್ಲಿ ಇದ್ದು ಬಿಟ್ಟವನು, ಮೋಟಾರು ವಿಭಾಗದಲ್ಲೂ ಕೈ ಕೆಸರು ಮಾಡಿಕೊಂಡವನು, ಈಗ ಜಮಖಂಡಿಯಲ್ಲಿ ಖಾಸಗಿ ಪತ್ತೇದಾರ; ವೀರೇಶರಿಗೆ ಅದು ಗೊತ್ತಿತ್ತು.

"ಆತು. ನಿಮ್ಮ ಮಾತಿನ ಮ್ಯಾಲ ಬಿಡಾಕತ್ತೇನಿ. ನಿಮ್ಮ ಕೈಲೇ ಗಾಡಿಯಿಂದ ತಗದೀರಿ, ನಮ್ಮ ಮುಂದ ತಗದೀರಿ. ಕೋರ್ಟಿನ್ಯಾಗೂ ಇದನ್ನ ನೀವ ಹೇಳಬೇಕು."

"ಹೇಳ್ತೇನಿ."

ಮುಂದೆ ಆದದ್ದನ್ನು ಬರೆಯಲು ಕೈಗೇ ಖುಷಿ. ನಂದಾ ಅಳುತ್ತ ಅಡುಗೆಮನೆಗೆ ಓಡಿ ಸಕ್ಕರೆಯ ಡಬ್ಬಿಯನ್ನೇ ಹೊತ್ತು ತಂದಳು. ಕೆಂಪು ಕೈಯಿಂದ ಮೊದಲು ಚಿದಾನಂದನ ಬಾಯಿಗೆ, ಆಮೇಲೆ ಪೇದೆಯ ಬಾಯಿಗೆ ಸಕ್ಕರೆ ಹಾಕಿದಳು. ಪಿಎಸ್‌ಐ ಬೇಡ ಬೇಡ ಎನ್ನುವಷ್ಟರಲ್ಲಿ ಅವರ ಬಾಯಿಗೂ ಬಿತ್ತು. ಸಮವಸ್ತ್ರದಲ್ಲಿ ಸಕ್ಕರೆ ಅಗಿಯುವುದು ಹೇಗೆಂದು ತಿಳಿಯದೆ ವೀರೇಶ ಹೊರಗೆ ಹೋಗಿ ಜೀಪಿನ ಟೈರು ನೋಡುತ್ತ ನಿಂತರು.

ಕಾಶಪ್ಪ ಚಿದಾನಂದನ ಕಾಲು ಹಿಡಿಯಲು ಬಂದ. ಚಿದಾನಂದ ಅವನ ತೋಳು ಹಿಡಿದು ಎತ್ತಿದ.

"ಏ, ಏಳೋ ಮಾರಾಯ. ಕಾಲು ಹಿಡೀಬೇಕಾದಾಂವ ನಾನು."

ಆ ಮಾತು ಬಾಯಿಮಾತಲ್ಲ. ಹೊಳೆ ಊರೊಳಗೆ ನುಗ್ಗಿದ ಆ ಮಹಾಪೂರದ ವರ್ಷ ಚಿದಾನಂದನ ಹೆಂಡತಿ ಗಂಗಾಂಬಿಕಾ ತವರುಮನೆ ಗಲಗಲಿಯಲ್ಲಿದ್ದಳು. ನೀರಿನ ಜೊತೆ ತೇಲಿ ಬಂದ ಹಾವು ಅವಳ ಕಾಲಿಗೆ ಕಚ್ಚಿತು. ಚಿದಾನಂದ ಜಮಖಂಡಿಯಲ್ಲಿ ಸಿಕ್ಕಿಬಿದ್ದಿದ್ದ, ಫೋನಿನಲ್ಲಿ ಕೂಗಾಡುವುದು ಬಿಟ್ಟು ಅವನಿಂದ ಏನೂ ಆಗಲಿಲ್ಲ. ಯಾರದೋ ಬಾಡಿಗೆಗೆ ಬಂದು ಊರಲ್ಲಿ ಉಳಿದಿದ್ದ ಈ ಕಾಶಪ್ಪ, ಗುರುತಿಲ್ಲ ಪರಿಚಯವಿಲ್ಲ, ಆಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ಕಬ್ಬಿನ ಹೊಲಗಳ ಕೆಸರಿನಲ್ಲಿ ಹೊರಟ. ಗಾಡಿ ಹೂತಮೇಲೆ ಹೆಗಲ ಮೇಲೆ ಹೊತ್ತು ನಡೆದ. ಬೀಳಗಿಯ ಆಸ್ಪತ್ರೆ ಮುಟ್ಟಿಸಿದ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕೊಡಲು ಹೋದ ದುಡ್ಡನ್ನು ಕಾಶಪ್ಪ ಮುಟ್ಟಲಿಲ್ಲ, ಒಂದು ಕಪ್ಪು ಚಹಾ ಕುಡಿದು ಹೋದ.

ಅವತ್ತಿನಿಂದ ಚಿದಾನಂದನಿಗೆ ಮನೆಯಲ್ಲಿ ಹೆಂಡತಿಯ ಬಳೆಯ ಸದ್ದು ಕೇಳಿದಾಗಲೆಲ್ಲ ಈ ಮನುಷ್ಯನ ನೆನಪಾಗುತ್ತಿತ್ತು. ಋಣ ತೀರಿಸಲು ದಾರಿ ಸಿಗಲಿಲ್ಲವಲ್ಲ ಎಂಬ ಕೊರಗು ಇತ್ತು. ಜಮಖಂಡಿಯಂಥ ಊರಲ್ಲಿ ಪತ್ತೇದಾರನಿಗೆ ಬರುವ ಕೆಲಸವೆಂದರೆ ಮುಕ್ಕಾಲು ಪಾಲು ಮದುವೆ ಮಾತಿನಲ್ಲಿ ಗಂಡಿನ ಕಡೆಯವರು ಹೇಳಿದ ಹೊಲದ ಎಕರೆ ನಿಜವೋ ಸುಳ್ಳೋ ಎಂದು ನೋಡಿ ಬರುವುದು. ಆ ವಿದ್ಯೆ ಇವತ್ತು ಒಬ್ಬ ಮನುಷ್ಯನನ್ನು ಬಿಡಿಸಿತು. ಬಣ್ಣದ ಮನೆಯ ಹೊಸ್ತಿಲು ದಾಟುವಾಗ ಅವನ ಕಣ್ಣಲ್ಲಿ ನೀರಿತ್ತು, ಅದು ಆವಿಯಿಂದ ಬಂದದ್ದಲ್ಲ.

"ಸಂಜೀಕ ಇಬ್ಬರೂ ಮನೀಗೆ ಬರ್ರಿ," ಎಂದ. "ನಿಮ್ಮ ಅಕ್ಕಾರು ಊಟಕ್ಕ ಹಾಕದ ಬಿಡಂಗಿಲ್ಲ."

"ಬರ್ತೇವ್ರಿ," ಎಂದ ಕಾಶಪ್ಪ. ಅದನ್ನು ಹೇಳುವಾಗ ಅವನು ಯಾಕೋ ಚಿದಾನಂದನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡ ಚಿದಾನಂದ.

ಒಂದು ಕೆಲಸ ಬಾಕಿ ಇತ್ತು. ಕಾರು ಮುಧೋಳದಲ್ಲಿ ಭೀಮಶಿಯ ಗ್ಯಾರೇಜಿನಲ್ಲಿ ನಿಂತಿತ್ತು. ಪಂಚನಾಮೆ ಮುಗಿಸಿದ ಪೊಲೀಸರು, ಅದರಲ್ಲಿ ಕೆಟ್ಟದ್ದೇನಾದರೂ ಇದೆಯೇ ನೋಡು ಎಂದು ಅವನ ಬಳಿ ಬಿಟ್ಟಿದ್ದರು. ಏನೂ ಇಲ್ಲ ಎಂದಿದ್ದ ಭೀಮಶಿ. ನಿನ್ನೆ ಚಿದಾನಂದ ಅಲ್ಲಿಗೇ ಹೋಗಿ ವೀರೇಶರ ಎದುರು ತನ್ನ ಕೈಯಾರೆ ಥರ್ಮೋಸ್ಟ್ಯಾಟ್ ಬಿಚ್ಚಿ ತಂದಿದ್ದ. ಈಗ ಹೊಸದನ್ನು ಅದರ ಜಾಗದಲ್ಲಿ ಕೂಡಿಸಿ ಗಾಡಿ ಸಾಹುಕಾರರಿಗೆ ಒಪ್ಪಿಸಿದರೆ ಮುಗಿಯಿತು.

ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಜೋಡಿ ಟ್ರೇಲರುಗಳ ಹಿಂದೆ ಆಮೆಯ ಹಾಗೆ ಹೋಗುತ್ತ ಚಿದಾನಂದನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಸಿಗಬಾರದಿತ್ತು.

ವೀರೇಶರ ಸಂಶಯ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಹಿಡಿದು ಬಿಡುವ ಥರ್ಮೋಸ್ಟ್ಯಾಟನ್ನು ಅವನು ಕಂಡಿದ್ದ. ಕುದಿಯುವ ನೀರಿನಲ್ಲಿ ಅದು ತಡವಾಗಿಯಾದರೂ, ಅರೆಬರೆಯಾದರೂ ಅಲುಗುತ್ತದೆ. ಹಂಡೆಯಲ್ಲಿ ನೋಡಿದ್ದು ಹಾಗಿರಲಿಲ್ಲ. ಅದು ವರ್ಷಗಳ ಹಿಂದೆಯೇ ಸತ್ತ ಹಾಗಿತ್ತು. ಅಂಥದ್ದು ಒಳಗಿದ್ದರೆ ಪೊಲೀಸು ಹುಡುಗ ಗಲಗಲಿಯಿಂದ ಹೊರಟು ಮೂರು ಊರು ದಾಟುವಷ್ಟರಲ್ಲಿ ಹಬೆ ಏಳಬೇಕಿತ್ತು. ಥಂಡಿ ಗಿಂಡಿ ಎಲ್ಲ ಕಣ್ಕಟ್ಟಿನ ಮಾತು. ಅದನ್ನು ಹೇಳಿದವನು ತಾನೇ.

ಇನ್ನೊಂದು. ನಿನ್ನೆ ಬಿಚ್ಚುವಾಗ ಥರ್ಮೋಸ್ಟ್ಯಾಟಿನ ಸುತ್ತ ಇದ್ದ ರಬ್ಬರಿನ ಉಂಗುರ ಮೆತ್ತಗಿತ್ತು, ಕರ್ರಗೆ ಮಿಂಚುತ್ತಿತ್ತು. ಹಳೆ ಗಾಡಿಯ ಉಂಗುರ ಒಣಗಿ ಸೀಳಿರಬೇಕಲ್ಲವೇ? ನೋಡಿದ್ದ. ನೋಡಿಯೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಬೇಕಾದ ವಸ್ತು ಬೇಕಾದ ಜಾಗದಲ್ಲಿ ಸಿಕ್ಕಿತೆಂಬ ಸಂತೋಷದಲ್ಲಿ ಮೈಮರೆತಿದ್ದ. ಬೇರೆ ಪತ್ತೇದಾರ ಮಾಡಿದ್ದರೆ ತಾನೇ ಹಲ್ಲು ಕಿಸಿದು ನಗುತ್ತಿದ್ದ ತಪ್ಪು ಅದು.

ಭೀಮಶಿ ಕಾರೊಂದರ ಕೆಳಗಿನಿಂದ ತೆವಳಿ ಹೊರಬಂದ. ಮೈತುಂಬ ಎಣ್ಣೆ, ಮುಖದ ತುಂಬ ನಗೆ.

"ಬರ್ರಿ ಸರ, ಬರ್ರಿ! ಕಾಶಪ್ಪಣ್ಣನ್ನ ಬಿಟ್ರಂತಲ್ರಿ? ಫೋನ್ ಬಂದಿತ್ತು. ಭಾಳ ಛಲೋ ಆತು ನೋಡ್ರಿ."

"ಆತಪಾ. ಇದನ್ನ ಕೂಡ್ರಿಸಿ ಕೊಡು."

ಚಿದಾನಂದ ಕೊಟ್ಟ ಹೊಸ ಥರ್ಮೋಸ್ಟ್ಯಾಟನ್ನು ಭೀಮಶಿ ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕ.

"ಇದ್ಯಾಕ್ರಿ ದಂಡಕ್ಕ? ಪೈಪು ಹಂಗ ಜೋಡಿಸಿ ಬಿಡ್ತೇನಿ. ನಮ್ಮ ಕಡಿ ಬಿಸಿಲಿಗೆ ಇದು ಬ್ಯಾಡ್ರಿ."

"ಬ್ಯಾಡ ಅಂದ್ರ?"

"ತಗದ ಒಗಿಯೂದು. ಬಾಗಲಾನ ಇಲ್ಲಂದ್ರ ಮುಚ್ಚಿಕೊಳ್ಳೂದ ಎಲ್ಲಿ ಬಂತ್ರಿ?"

ಅವನು ಅಭಿಮಾನದಿಂದ ಗೋಡೆಯ ಕಡೆ ಕೈ ತೋರಿಸಿದ. ಮೊಳೆಯಿಂದ ಮೊಳೆಗೆ ಬಿಗಿದ ತಂತಿಯಲ್ಲಿ ಹಳೆಯ ಥರ್ಮೋಸ್ಟ್ಯಾಟುಗಳು ಒತ್ತೊತ್ತಾಗಿ ಪೋಣಿಸಿದ್ದವು. ತುಕ್ಕು ಹಿಡಿದವು, ಹಸಿರುಗಟ್ಟಿದವು. ಬೇರೆ ಊರಿನ ಮೆಕ್ಯಾನಿಕ್ ನೋಡಿದ್ದರೆ ಹೌಹಾರುತ್ತಿದ್ದ.

"ಲೇ, ಎಂಜಿನ್ನಿಗೆ ಬೇಕಾದಷ್ಟು ಬಿಸಿನೂ ಇರಬೇಕಾಕ್ಕೈತಿ," ಎಂದ ಚಿದಾನಂದ. "ಇದನ್ನ ತಗದ್ರ ಎಂಜಿನ್ ಸದಾ ಥಣ್ಣಗ ಓಡ್ತೈತಿ. ಡೀಸೆಲ್ ಜಾಸ್ತಿ ಕುಡೀತೈತಿ, ಒಳಗ ಸವೀತೈತಿ."

"ಕುಡೀಲಿ ಬಿಡ್ರಿ! ನಡುದಾರ್ಯಾಗ ಕುದ್ದು ನಿಂದ್ರೂದಕಿಂತ ಛಲೋ ಅಲ್ಲೇನು? ನನ್ನ ಕೈಗೆ ಬಂದ ಒಂದ ಗಾಡ್ಯಾಗೂ ಇದನ್ನ ಉಳಿಸಿಲ್ಲ ನಾ."

ಹೇಳಿ ಮುಗಿಸಿದವನು ಹಾಗೇ ನಿಂತ. ಮುಖದ ಮೇಲಿನ ನಗೆ ಇಳಿಯಿತು.

"ಒಂದ ಗಾಡ್ಯಾಗೂ?" ಎಂದ ಚಿದಾನಂದ.

ಭೀಮಶಿ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕತೊಡಗಿದ. ಬಟ್ಟೆ ಅವನ ಹೆಗಲ ಮೇಲೇ ಇತ್ತು.

"ಸಾಹುಕಾರ್ರ ಗಾಡಿ ಯಾವಾಗಿನಿಂದ ನಿನ್ನ ಕಡೆ ಬರ್ತೈತಿ?"

"ತಗೊಂಡಾಗಿನಿಂದ್ರಿ."

"ಅದರಾಗಿಂದೂ ತಗದಿದ್ದಿ."

"ನೆನಪಿಲ್ರಿ."

"ಭೀಮಶಿ, ನನ್ನ ಕಣ್ಣಾಗ ನೋಡಿ ಹೇಳು. ತಗದಿದ್ದಿ?"

"ಆಗಿನ ಬ್ಯಾಸಿಗ್ಯಾಗ... ತಗದಿದ್ದೆ ಅಂತ ಕಾಣಸ್ತೈತ್ರಿ."

"ಹಂಗಾರ ನಿನ್ನೆ ನಾ ಬಿಚ್ಚಿದಾಗ ಅದು ಎಲ್ಲಿಂದ ಬಂತು?"

ಹೊರಗೆ ಬಸ್ಸೊಂದು ಹಾರ್ನು ಹಾಕುತ್ತ ಹೋಯಿತು. ಭೀಮಶಿ ಅದರ ಕಡೆ ನೋಡಿದ. ಅದು ತಿರುವಿನಲ್ಲಿ ಮರೆಯಾದಮೇಲೂ ಆ ಕಡೆಯೇ ನೋಡುತ್ತಿದ್ದ.

"ಪಿಎಸ್‌ಐ ಸಾಹೇಬ್ರ ಮುಂದ ನಿಂತು ನಾ ಅದನ್ನ ಬಿಚ್ಚಿದೆ," ಎಂದ ಚಿದಾನಂದ. ಧ್ವನಿ ಏರಿಸಲಿಲ್ಲ. "ನೀ ಪಕ್ಕದಾಗ ಇದ್ದಿ. ನಟ್ಟು ಬಿಚ್ಚೂ ಪಾನಾ ಕೈಗೆ ಕೊಟ್ಟಾಂವ ನೀನ. ಆ ಗಾಡ್ಯಾಗ ಅದು ಇರಬಾರದಿತ್ತು ಅಂತ ನಿನಗ ಗೊತ್ತಿತ್ತು. ಉಂಗುರ ಹೊಸದಿತ್ತು. ಆ ಸುಳ್ಳಿನ ಮ್ಯಾಲ ನಾ ಇವತ್ತ ಮಾತು ಕೊಟ್ಟು ಬಂದೇನಿ. ನಿನಗ ಯಾರು ಹೇಳಿದ್ರು? ಕಾಶಪ್ಪ?"

"ಅಯ್ಯ, ಅಂವಾ ಲಾಕಪ್ಪಿನ್ಯಾಗ ಇದ್ದನಲ್ರಿ."

"ನಂದಾ?"

"ಇಲ್ರಿ."

"ಮತ್ತ ಯಾರು? ಸಾಹುಕಾರ್ರು?"

"ಸರ, ನೀವು ಯಾರನ್ನ ಬೇಕಾದ್ರೂ ಕೇಳ್ರಿ, ನನಗ ಕೇಳಬ್ಯಾಡ್ರಿ. ಬೇಕಾದ್ರ ನಾ ಒಬ್ಬನ ಮಾಡಿದೆ ಅಂತ ಬರಕೊಳ್ರಿ, ಸಹಿ ಮಾಡ್ತೇನಿ."

ಜೈಲಿಗೆ ಹೋಗಲು ಇಷ್ಟು ಸಲೀಸಾಗಿ ಒಪ್ಪುವವನನ್ನು ಚಿದಾನಂದ ತನ್ನ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟ.

"ಯಾರನ್ನ ಉಳಸಾಕತ್ತಿ?"

ಭೀಮಶಿ ಎಣ್ಣೆಗೈಯಿಂದಲೇ ಕಣ್ಣು ಒರೆಸಿಕೊಂಡ.

"ಅಕ್ಕಾರು ಬಂದಿದ್ದರ್ರಿ."

"ಯಾವ ಅಕ್ಕಾರು?"

"ನನಗ ಸಾಲ್ಯಾಗ ಕಲಿಸಿದ ಅಕ್ಕಾರ್ರಿ." ಅವನು ನೆಲ ನೋಡುತ್ತ ಹೇಳಿದ. "ನಿಮ್ಮ ಮನಿಯವ್ರು."

ಚಿದಾನಂದ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಳಿತ.

ಭೀಮಶಿಗೆ ಈಗ ತಡೆಯಲಾಗಲಿಲ್ಲ, ಎಲ್ಲವೂ ಹೊರಬಿತ್ತು. ಮೊನ್ನೆ ಗಂಗಾಂಬಿಕಾ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಜಾಮಾದ ಥರ್ಮೋಸ್ಟ್ಯಾಟ್ ಒಂದಿದೆಯೇ ಎಂದು ಕೇಳಿದಳು. ತಂತಿಯಲ್ಲಿ ಇಷ್ಟೊಂದಿವೆ ಎಂದು ತೋರಿಸಿದ. ಇವುಗಳಲ್ಲಿ ತೀರಾ ಕೆಟ್ಟದ್ದನ್ನು ಆ ಕಾರಿನಲ್ಲಿ ಕೂಡಿಸು, ಯಾಕೆಂದು ಕೇಳಬೇಡ ಎಂದಳು.

"ಕೇಳಲಿಲ್ಲರಿ ನಾ. ಅಕ್ಕಾರು ಕೇಳಿದ್ರ ಇಲ್ಲ ಅನ್ನೂದು ಹ್ಯಾಂಗ್ರಿ? ನಮ್ಮಪ್ಪ ನನ್ನ ಸಾಲಿ ಬಿಡಿಸಿ ಕಬ್ಬು ಕಡ್ಯಾಕ ಕಳಸಿದ್ದ. ಅಕ್ಕಾರು ಕಬ್ಬಿನ ಫಡದತನಕ ನಡಕೊಂಡು ಬಂದು ನನ್ನ ಕೈಯಾನ ಕುಡಗೋಲು ಕಸಗೊಂಡು ಸಾಲಿಗೆ ಕರಕೊಂಡು ಹೋಗ್ಯಾರ. ಮಧ್ಯಾಹ್ನ ತಮ್ಮ ಬುತ್ತಿ ರೊಟ್ಟಿ ನನಗ ಕೊಟ್ಟಾರ. ಇವತ್ತ ಈ ಗ್ಯಾರೇಜ್ ಐತಿ ಅಂದ್ರ ಅವರ ಪುಣ್ಯಾರಿ ಅದು."

ಚಿದಾನಂದ ತಲೆಯಾಡಿಸಿದ. ಜಾಮಾದ ಥರ್ಮೋಸ್ಟ್ಯಾಟಿನ ಮಾತು ಆಕೆಯ ಕಿವಿಗೆ ಹೇಗೆ ಬಿತ್ತೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಊಟಕ್ಕೆ ಕೂತಾಗ ಕೇಸಿನ ಬಗ್ಗೆ ಹೆಂಡತಿಯ ಮುಂದೆ ಗಟ್ಟಿಯಾಗಿ ಯೋಚಿಸುವುದು ಅವನ ಹಳೆಯ ಚಾಳಿ. "ಥರ್ಮೋಸ್ಟ್ಯಾಟ್ ಜಾಮಾಗಿದ್ರ ಕಾಶಪ್ಪ ಉಳಕೊಂಡ ನೋಡು," ಎಂದಿದ್ದ. ಆಕೆ ಇನ್ನೊಂದು ರೊಟ್ಟಿ ಬಡಿಸಿದ್ದಳು.

ಜೀವ ಉಳಿಸಿದವನಿಗಾಗಿ ಆಕೆ ಸುಳ್ಳು ಸಾಕ್ಷಿ ಹುಟ್ಟಿಸಿದಳು. ಅಕ್ಷರ ಕೊಟ್ಟವಳಿಗಾಗಿ ಇವನು ಅದನ್ನು ಕೂಡಿಸಿದ. ಹೆಂಡತಿಯನ್ನು ಉಳಿಸಿಕೊಟ್ಟವನಿಗಾಗಿ ತಾನು ಕಣ್ಣು ಮುಚ್ಚಿ ನಂಬಿದ. ಮೂವರೂ ಒಳ್ಳೆಯದನ್ನೇ ಮಾಡಲು ಹೊರಟು ಕಾನೂನನ್ನು ಹಂಡೆಯಲ್ಲಿ ಅದ್ದಿ ತೆಗೆದಿದ್ದರು.

ಅದಕ್ಕಿಂತ ದೊಡ್ಡ ಮಾತೊಂದು ಉಳಿದಿತ್ತು. ಥರ್ಮೋಸ್ಟ್ಯಾಟೇ ಇಲ್ಲದ ಗಾಡಿಯಲ್ಲಿ ಅದು ಜಾಮಾಗುವುದು ಸಾಧ್ಯವಿಲ್ಲ. ಬೇರೆ ಯಾವ ದೋಷವೂ ಇಲ್ಲವೆಂದು ಭೀಮಶಿ ಮೊದಲೇ ನೋಡಿ ಹೇಳಿದ್ದ. ಅಂದರೆ ಗಲಗಲಿ ಸೇತುವೆಯ ಬಳಿ ಕಾರು ಕುದಿಯಲೇ ಇಲ್ಲ.

ಕಾಶಪ್ಪ ಸುಳ್ಳು ಹೇಳಿದ್ದ.

ಜೇಬಿನಲ್ಲಿ ಫೋನು ಮೊಳಗಿತು. ವೀರೇಶ.

"ಸರ್, ನಾಳೆ ಬೀಳಗಿಗೆ ಬಂದು ನಿಮ್ಮ ಹೇಳಿಕಿ ಕೊಡ್ರಿ. ಮತ್ತ... ಉಪಕಾರ ಆತು ಸರ್. ತಪ್ಪಿಲ್ಲದಾಂವನ್ನ ಒಳಗ ಇಟ್ಟಿದ್ದರ ನನಗ ನಿದ್ದಿ ಬರ್ತಿರಲಿಲ್ಲ."

"ಬರ್ತೇನಿ," ಎಂದ ಚಿದಾನಂದ. ಬಾಯಲ್ಲಿ ಇನ್ನೂ ಸಕ್ಕರೆಯ ರುಚಿ ಇತ್ತು.

ಜಮಖಂಡಿಯ ಮನೆಯ ಮುಂದೆ ಎರಡು ಜೋಡಿ ಚಪ್ಪಲಿಗಳಿದ್ದವು. ಕಾಶಪ್ಪ, ನಂದಾ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಪಡಸಾಲೆಯಲ್ಲಿ ಗಂಗಾಂಬಿಕಾ ನಂದಾಳಿಗೆ ಕುಪ್ಪಸದ ಖಣ ಕೊಟ್ಟು ಉಡಿ ತುಂಬುತ್ತಿದ್ದಳು. ಮನೆಯ ತುಂಬ ಬೆಲ್ಲದ ಮಾದಲಿಯ ಸಿಹಿ ಘಮ. ಇಷ್ಟು ಸಂತೋಷದ ಮನೆಗೆ ಹೀಗೊಂದು ಪ್ರಶ್ನೆ ಹೊತ್ತು ಬರಬೇಕಾಯಿತಲ್ಲ ಎಂದು ಚಿದಾನಂದನಿಗೆ ತನ್ನ ವೃತ್ತಿಯ ಮೇಲೇ ಬೇಸರವಾಯಿತು.

ಗಂಗಾಂಬಿಕಾ ಗಂಡನ ಮುಖ ನೋಡಿದಳು. ಮೂವತ್ತು ವರ್ಷ ಮಕ್ಕಳ ಮುಖ ಓದಿದವಳಿಗೆ ಒಂದೇ ನೋಟ ಸಾಕಾಯಿತು. ಕೈಯಲ್ಲಿದ್ದ ಅಕ್ಕಿಯನ್ನು ಮೆಲ್ಲಗೆ ತಟ್ಟೆಗೆ ಬಿಟ್ಟಳು.

"ಭೀಮಶಿ ಹೇಳಿದ್ನ?"

"ಹೇಳಿದ."

"ಅವನ್ನ ಏನೂ ಅನಬ್ಯಾಡ್ರಿ. ನನ್ನ ಮಾತಿಗೆ ಮಾಡ್ಯಾನ."

"ನಾ ಯಾರಿಗೂ ಏನೂ ಅನ್ನಾಕ ಬಂದಿಲ್ಲ, ಗಂಗಾ." ಚಿದಾನಂದ ಕಾಶಪ್ಪನ ಕಡೆ ತಿರುಗಿದ. "ನೀ ನನ್ನ ಮನಿ ದೀಪಾ ಉಳಿಸಿದಾಂವ. ಆ ಋಣ ನಾ ಸಾಯೂಮಟ ತೀರಂಗಿಲ್ಲ. ಆದ್ರ ನಾಳೆ ನಾ ಕೋರ್ಟಿಗೆ ಸುಳ್ಳು ಹೇಳಿದ್ರ ಉಳಿಯಾಂವ ನೀ ಅಲ್ಲ. ಇವತ್ತಲ್ಲ ನಾಳೆ ತಿಳೀತೈತಿ, ಆಗ ನಾವು ನಾಕೂ ಮಂದಿ ಹೋಗ್ತೇವಿ. ಖರೆ ಹೇಳು. ಗಾಡಿ ಬಿಸಿ ಆಗಿರಲಿಲ್ಲ. ಯಾಕ ನಿಂದ್ರಿಸಿದಿ?"

ಕಾಶಪ್ಪ ಎದ್ದು ನಿಂತ. ಕೈ ಕಟ್ಟಿಕೊಂಡ. ಲಾಕಪ್ಪಿನಲ್ಲಿ ಏಟು ಬಿದ್ದಾಗಲೂ ಹೀಗೇ ನಿಂತಿದ್ದನೇನೋ.

"ಹೇಳೋ," ಎಂದಳು ನಂದಾ. ಅವಳಿಗೆ ಏನೂ ಗೊತ್ತಿರಲಿಲ್ಲ, ಅದು ಅವಳ ಮುಖದಲ್ಲೇ ಬರೆದಿತ್ತು. "ಬಾಯಿ ಬಿಡೋ ಮಾರಾಯ, ಬಿಟ್ಟು ಕಳಿಸಿದಾಂವನ್ನ ಮತ್ತ ಒಯ್ತಾರ!"

"ನನ್ನಿಂದ ಆಗೂದಿಲ್ಲ," ಎಂದ ಕಾಶಪ್ಪ. "ಬೇಕಾದ್ರ ಒಯ್ಯಲಿ."

"ಸಾಕು ಕಾಶಪ್ಪ." ಗಂಗಾಂಬಿಕಾ ಮುಂದೆ ಬಂದಳು.

"ಅಕ್ಕಾರ, ಬ್ಯಾಡ್ರಿ. ಕೈ ಮುಗೀತೇನಿ, ಬ್ಯಾಡ್ರಿ."

"ಒಮ್ಮೆ ಹೆಗಲ ಮ್ಯಾಲ ಹೊತ್ತಿ. ಎಷ್ಟು ಸಲ ಹೊರತಿ ನನ್ನ?" ಆಕೆಯ ಕಣ್ಣು ತುಂಬಿತ್ತು, ಧ್ವನಿ ಮಾತ್ರ ಪಾಠ ಹೇಳುವಾಗಿನಷ್ಟೇ ಸ್ಪಷ್ಟವಾಗಿತ್ತು. ಗಂಡನ ಎದುರು ನಿಂತಳು. "ಅವತ್ತ ಗಲಗಲಿ ಸೇತುವಿ ಕಡೀಕ ನಿಂತು ಕೈ ಮಾಡಿದಾಕಿ ನಾನು. ಅದಕ್ಕ ಗಾಡಿ ನಿಂದ್ರಿಸಿದ. ಅನಸವ್ವ ಬಂದು ನನ್ನ ಮುಂದ ಭಾಳ ಅತ್ತಿದ್ಲು. ಸಾಹುಕಾರ್ರು ತೋರಿಸಿ ತರ್ತೇನಿ ಅಂತ ಸೀರಿ ಇಸಗೊಂಡು ಮಾರಾಕ ಕಳಸಾಕತ್ತಾರ, ಹ್ಯಾಂಗರ ಮಾಡಿ ಉಳಿಸಿ ಕೊಡವಾ ಅಂತ. ಟ್ರಂಕು ಇಳಿಸಿಕೊಂಡಾಕಿ ನಾನ. ನನ್ನ ಹೆಸರು ಬರಬಾರದಂತ ಇಂವಾ ಇಷ್ಟ ದಿನಾ ಬಾಯಿ ಮುಚಗೊಂಡು ಕುಂತಾನ."

ಚಿದಾನಂದ ಒಳಕೋಣೆಯ ಬಾಗಿಲ ಕಡೆ ನೋಡಿದ.

"ಅಂದ್ರ ಸೀರಿ ನಿನ್ನ ಕಡೆ ಐತಿ."

"ಇಲ್ಲ ಅಂದ್ರ ಯಾರು ನಂಬ್ತಾರ ಅಂತನ ಸುಮ್ಮನಿದ್ದೆ," ಎಂದಳು ಗಂಗಾಂಬಿಕಾ. "ಸಾಹುಕಾರ್ರು ಹಾಕಿದ ಕೀಲಿ ಒಡದು ನೋಡಿದೆ. ಟ್ರಂಕಿನ್ಯಾಗ ಸೀರಿ ಇರಲಿಲ್ಲರಿ. ಚಾದರದಾಗ ಸುತ್ತಿದ ಇಟ್ಟಂಗಿ ಇದ್ದವು."